ಮೊಣಕಾಲೂರಿ ನೋಡಬೇಕಾದ ಊರು

ಜೈಂಟ್ ವೀಲ್ ಇಲ್ಲ. ರೋಲರ್ ಕೋಸ್ಟರ್ ಇಲ್ಲ. ಹೊಟ್ಟೆ ತೊಳಸುವಂತೆ ಗರಗರ ತಿರುಗಿಸುವ ಬಟ್ಟಲುಗಳಿಲ್ಲ, ಕನ್ನಡಕ ತೊಡಿಸಿ ಕತ್ತಲ ಕೋಣೆಗೆ ನೂಕುವವರಿಲ್ಲ. ಆದರೂ ಒಂದು ಬೇಸಿಗೆಯಲ್ಲಿ ಹತ್ತಿರ ಹತ್ತಿರ ಐದು ಲಕ್ಷ ಜನ ಇಲ್ಲಿಗೆ ಬಂದು ಹೋಗುತ್ತಾರೆ ಅಂದರೆ ನಂಬುತ್ತೀರಾ? ಅದೂ ಎಂಟು ಸಾವಿರದ ಆಸುಪಾಸು ಜನರಿರುವ, ಸುತ್ತ ಪೈನ್ ಕಾಡು, ಕೆರೆ, ಕಲ್ಲುಗುಂಡುಗಳ ಹೊಲ ಬಿಟ್ಟರೆ ಬೇರೇನೂ ಕಾಣದ ಒಂದು ಪುಟ್ಟ ಪಟ್ಟಣಕ್ಕೆ!

ಸ್ವೀಡನ್ನಿನ ದಕ್ಷಿಣದಲ್ಲಿ ಸ್ಮೋಲಾಂಡ್ ಅನ್ನುವ ಸೀಮೆ. ಅದರಲ್ಲಿ ವಿಮ್ಮರ್ಬಿ ಅನ್ನುವ ಊರು. ಪಿಪ್ಪಿ ಲಾಂಗ್‌ಸ್ಟಾಕಿಂಗ್ ಎಂಬ ಕೆಂಪು ಜಡೆಯ ಹುಡುಗಿಯನ್ನು ಲೋಕಕ್ಕೆ ಕೊಟ್ಟ ಆಸ್ಟ್ರಿಡ್ ಲಿಂಡ್‌ಗ್ರೆನ್ ಹುಟ್ಟಿ ಬೆಳೆದದ್ದು ಇಲ್ಲೇ. ನೂರಕ್ಕೂ ಹೆಚ್ಚು ಭಾಷೆಗಳಿಗೆ ಹೋದ ಲೇಖಕಿ. ಸ್ವೀಡನ್ನಿನ ಇಪ್ಪತ್ತು ಕ್ರೋನಾದ ನೋಟಿನ ಮೇಲೆ ಆಕೆಯದೇ ಮುಖ. ಆಕೆಯ ಕಥೆಗಳನ್ನೆಲ್ಲ ಮರ, ಕಲ್ಲು, ಸುಣ್ಣಬಣ್ಣಗಳಲ್ಲಿ ಎಬ್ಬಿಸಿ ನಿಲ್ಲಿಸಿದ ಜಾಗಕ್ಕೆ ‘ಆಸ್ಟ್ರಿಡ್ ಲಿಂಡ್‌ಗ್ರೆನ್ ಲೋಕ’ ಎಂದೇ ಹೆಸರು.

ತಂಗಿ ಲಿನ್‌ಶೋಪಿಂಗ್‌ನಲ್ಲಿದ್ದಾಳೆ. ಅಲ್ಲಿಂದ ಕಾಡಿನ ನಡುವೆ ತೂಗಾಡುತ್ತಾ ಹೋಗುವ ಡೀಸೆಲ್ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಮಗಳದು ದಾರಿಯುದ್ದಕ್ಕೂ ಒಂದೇ ಪ್ರಶ್ನೆ. “ಚಿಕ್ಕಮ್ಮ, ಅಲ್ಲಿ ಏನೇನು ರೈಡ್ ಇದೆ?” “ಏನೂ ಇಲ್ಲ ಪುಟ್ಟಿ. ಬರೀ ಮನೆಗಳು.” “ಬರೀ ಮನೇನಾ!” ಅಂತ ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಬೆಂಗಳೂರಲ್ಲಿ ಇಲ್ಲದ ಮನೆಗಳೇ?

ಆದರೆ ಎಂಥಾ ಮನೆಗಳು! ಗೇಟು ದಾಟಿ ನಾಲ್ಕು ಹೆಜ್ಜೆ ಹಾಕುವುದರೊಳಗೆ ನಾವು ದೈತ್ಯರಾಗಿಬಿಟ್ಟೆವು. ವಿಮ್ಮರ್ಬಿ ಪಟ್ಟಣದ ಹಳೆಯ ಪೇಟೆಯನ್ನೇ ಮೂರರಲ್ಲೊಂದು ಪಾಲಿನ ಅಳತೆಗೆ ಇಳಿಸಿ ಕಟ್ಟಿದ ‘ಪುಟ್ಟ ಪುಟ್ಟ ಪಟ್ಟಣ’ ಅದು. ಕಲ್ಲು ಹಾಸಿದ ಬೀದಿ, ಹಳದಿ, ನಸುಗೆಂಪು, ತಿಳಿಹಸಿರು ಬಣ್ಣದ ಮರದ ಮನೆಗಳು, ಅಂಗಡಿಗಳ ಮುಂದೆ ಬೋರ್ಡು, ಮೂಲೆಮೂಲೆಗೂ ಕಿರುಗಲ್ಲಿ. ಒಂದು ಸೂರು ನನ್ನ ಭುಜದ ಎತ್ತರಕ್ಕಿತ್ತು. ನಾನು ಬಾಗಿದೆ, ಸಾಲಲಿಲ್ಲ. ಕೂತೆ, ಸಾಲಲಿಲ್ಲ. ಕೊನೆಗೆ ಮೊಣಕಾಲೂರಿ, ಕೆನ್ನೆಯನ್ನು ಕಿಟಕಿಯ ಚೌಕಟ್ಟಿಗೆ ಒತ್ತಿ ಒಳಗೆ ಇಣುಕಿದೆ. ಅಂಗೈಯಗಲದ ಗಾಜು, ಅದರ ಹಿಂದೆ ಅಂಚು ಹೊಲಿದ ಪರದೆ, ಅದರಾಚೆ ನಾಲ್ಕೈದು ವರ್ಷದ ಚಿನ್ನದ ಕೂದಲಿನ ಹುಡುಗನೊಬ್ಬ ಬೆಂಚಿನ ಮೇಲೆ ಕೂತು ಬಹಳ ಗಂಭೀರವಾಗಿ ಏನನ್ನೋ ಮಾರುತ್ತಿದ್ದ. ನನ್ನ ಮಗಳು ಆಗಲೇ ಅವನ ಗಿರಾಕಿ! ಇವಳಿಗೆ ಸ್ವೀಡಿಷ್ ಬಾರದು, ಅವನಿಗೆ ಕನ್ನಡವಾಗಲಿ ಇಂಗ್ಲಿಷಾಗಲಿ ಬಾರದು. ವ್ಯಾಪಾರ ಮಾತ್ರ ಸಾಂಗವಾಗಿ ನಡೆದಿತ್ತು. ನನ್ನ ಮುಖ ಕಂಡದ್ದೇ ತಡ, ಆ ಅಂಗಡಿಕಾರ ಎದ್ದು ಬಂದು ಬಾಗಿಲು ಹಾಕಿಕೊಂಡ. ಸರಿಯೇ. ಅದು ನನ್ನ ಅಳತೆಯ ಊರಲ್ಲ.

ಎದುರು ಮನೆಯ ಹೊಸ್ತಿಲಲ್ಲಿ ಆರೂವರೆ ಅಡಿಯ ಗಡ್ಡದ ತಂದೆಯೊಬ್ಬ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡು ನಗುತ್ತಿದ್ದ. ನಾಚಿಕೆಯಿಲ್ಲ, ಅವಸರವಿಲ್ಲ. ಇಡೀ ಜಾಗದ ಗುಟ್ಟು ಅಲ್ಲೇ ಇತ್ತು ಅಂತ ಆಮೇಲೆ ಅನ್ನಿಸಿತು: ಇಲ್ಲಿ ದೊಡ್ಡವರು ಮಕ್ಕಳನ್ನು ಆಡಿಸುವುದಿಲ್ಲ, ಮಕ್ಕಳ ಆಟಕ್ಕೆ ಅಡ್ಡ ಬರದೆ ನಿಲ್ಲುವುದನ್ನು ಕಲಿಯುತ್ತಾರೆ.

ಇದು ಶುರುವಾದದ್ದೂ ಹಾಗೆಯೇ. ಯಾವ ಕಂಪನಿಯ ಯೋಜನೆಯೂ ಅಲ್ಲ, ಸರ್ಕಾರದ ಪ್ರವಾಸೋದ್ಯಮ ನೀತಿಯೂ ಅಲ್ಲ. 1981ರಲ್ಲಿ ವಿಮ್ಮರ್ಬಿಯ ಮೂರು ಕುಟುಂಬಗಳು ಸೇರಿ ತಮ್ಮ ಮಕ್ಕಳಿಗೆ ಆಡಲು ಎಮಿಲ್ ಅನ್ನುವ ತುಂಟನ ಮನೆಯ ಪುಟ್ಟ ಪ್ರತಿಯೊಂದನ್ನು ಕಟ್ಟಿದವು. ಅಕ್ಕಪಕ್ಕದವರು ನೋಡಲು ಬಂದರು. ಮಕ್ಕಳು ಇನ್ನೊಂದು ಮನೆ ಕೇಳಿದರು. ಮತ್ತೊಂದು ಎದ್ದಿತು. ಹಾಗೆ ಮನೆಗೆ ಮನೆ ಸೇರಿ ‘ಕಥೆಯ ಹಳ್ಳಿ’ಯಾಗಿ, ಹಳ್ಳಿ ಬೆಳೆದು ಇವತ್ತಿನ ಲೋಕವಾಗಿ, ಈಗ ಅದರ ಒಡೆತನ ಲೇಖಕಿಯ ಕುಟುಂಬದವರ ಕೈಗೇ ಬಂದಿದೆ. (ನಮ್ಮ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ ‘ಮಾಲ್ಗುಡಿ’ ಮ್ಯೂಸಿಯಂ ಆದಾಗ ನನಗೆ ಆದ ಖುಷಿ ಸಣ್ಣದಲ್ಲ. ಆದರೆ ಅಲ್ಲಿ ಸ್ವಾಮಿಯೇ ಎದುರಿಗೆ ಓಡಿಬಂದು ಕೈ ಹಿಡಿದು ಎಳೆದರೆ ಹೇಗಿರುತ್ತದೆ, ಹೇಳಿ!)

ಹೌದು, ಇಲ್ಲಿ ಓಡಿಬರುತ್ತಾರೆ. ಎಮಿಲ್‌ನ ಕೆಂಪು ಮರದ ಮನೆಯ ಅಂಗಳಕ್ಕೆ ಹೋಗಿ ನಿಂತಿದ್ದೆವು. ಒಮ್ಮೆಲೇ ಒಳಗಿನಿಂದ ಗುಡುಗಿನಂಥ ಗರ್ಜನೆ. ಟೋಪಿ ಹಾಕಿದ ಹುಡುಗನೊಬ್ಬ ಜನರ ಕಾಲುಗಳ ನಡುವೆ ನುಸುಳಿ ಕೊಟ್ಟಿಗೆಯ ಕಡೆ ಓಡಿದ. ಹಿಂದೆಯೇ ಮುಷ್ಟಿ ಎತ್ತಿಕೊಂಡು ಅಪ್ಪ. ನಾಟಕ ಶುರುವಾಯಿತೆಂದು ಯಾರೂ ಮೈಕಿನಲ್ಲಿ ಹೇಳಲಿಲ್ಲ. ಗಂಟೆ ಹೊಡೆಯಲಿಲ್ಲ. ಪರದೆಯೇ ಇಲ್ಲ, ಮೇಲೇಳುವುದೆಲ್ಲಿಂದ ಬಂತು? ನಮ್ಮ ಪಕ್ಕದಲ್ಲೇ ಕಥೆ ನಡೆಯುತ್ತಿದೆ, ನಾವು ಆ ಹಳ್ಳಿಯ ನೆರೆಹೊರೆಯವರು, ಅಷ್ಟೇ. ಎಮಿಲ್ ಯಾರೆಂದು ಗೊತ್ತಿಲ್ಲದವರಿಗೆ ಎರಡು ಮಾತು: ಸಾರಿನ ಕೊನೆಯ ತೊಟ್ಟೂ ಬಿಡಬಾರದೆಂದು ಇಡೀ ತಲೆಯನ್ನೇ ಸಾರಿನ ಬೋಗುಣಿಯೊಳಗೆ ತೂರಿಸಿ ಸಿಕ್ಕಿಸಿಕೊಂಡವನು, ದೂರದ ಊರು ಕಾಣಲಿ ಅಂತ ತಂಗಿ ಈಡಾಳನ್ನು ಬಾವುಟದ ಕಂಬಕ್ಕೆ ಏರಿಸಿದವನು. ಪ್ರತಿ ತುಂಟತನಕ್ಕೂ ಶಿಕ್ಷೆ ಒಂದೇ, ಸೌದೆ ಕೊಟ್ಟಿಗೆಯಲ್ಲಿ ಒಂಟಿಯಾಗಿ ಕೂರುವುದು. ಕೂತಾಗಲೆಲ್ಲ ಅವನು ಮರ ಕೆತ್ತಿ ಒಂದು ಗೊಂಬೆ ಮಾಡುತ್ತಾನೆ. ಗೊಂಬೆಗಳ ಸಾಲು ನೂರು ದಾಟಿ ಬೆಳೆಯುತ್ತಲೇ ಹೋಗುತ್ತದೆ!

ಆ ಕೊಟ್ಟಿಗೆಯ ಮುಂದೆ ನಿಂತಾಗ ಒಂದು ವಿಷಯ ಹೊಳೆಯಿತು. ಎಮಿಲ್‌ನ ಅಪ್ಪ ಕೂಗಾಡುತ್ತಾನೆ, ಬೆನ್ನಟ್ಟುತ್ತಾನೆ. ಮಗ ಅವನಿಗಿಂತ ಮೊದಲು ಕೊಟ್ಟಿಗೆ ಸೇರಿ ಒಳಗಿನಿಂದ ಅಗುಳಿ ಹಾಕಿಕೊಂಡುಬಿಡುತ್ತಾನೆ. ಆಸ್ಟ್ರಿಡ್ 1978ರಲ್ಲಿ ಜರ್ಮನಿಯ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಪಡೆಯುವಾಗ ಮಾಡಿದ ಭಾಷಣದ ತಿರುಳು, ಮಕ್ಕಳ ಮೇಲೆ ಕೈ ಮಾಡಬೇಡಿ ಅನ್ನುವುದು. ಮರುವರ್ಷ, 1979ರಲ್ಲಿ, ಮನೆಯಲ್ಲೂ ಮಕ್ಕಳಿಗೆ ಹೊಡೆಯುವುದನ್ನು ಕಾನೂನಿನಿಂದ ನಿಷೇಧಿಸಿದ ಜಗತ್ತಿನ ಮೊದಲ ದೇಶವಾಯಿತು ಸ್ವೀಡನ್. ಇದನ್ನೆಲ್ಲ ತಂಗಿ ನನ್ನ ಕಿವಿಯಲ್ಲಿ ಪಿಸುಗುಡುತ್ತಿದ್ದಳು. ನಮ್ಮಿಬ್ಬರಿಗೂ ನೆನಪಾದದ್ದು ಮಾತ್ರ ನಮ್ಮ ಮೇಷ್ಟ್ರ ಹುಣಸೆ ಬರಲು.

ಆಮೇಲೆ ಬಂತು, ಮಗಳು ಕೈ ಬಿಡಿಸಿಕೊಂಡು ಓಡಿದ ಜಾಗ! ವಿಲ್ಲಾ ವಿಲ್ಲೆಕುಲ್ಲಾ, ಪಿಪ್ಪಿಯ ಮನೆ. ಇದು ಪುಟ್ಟದಲ್ಲ, ಪೂರ್ತಿ ಅಳತೆಯದು. ಪಿಪ್ಪಿಯನ್ನು ಕುಗ್ಗಿಸಿ ಕೂರಿಸುವುದು ಯಾರಿಂದ ಸಾಧ್ಯ? ಒಂಬತ್ತು ವರ್ಷದ ಹುಡುಗಿ, ಅಪ್ಪ ಅಮ್ಮ ಜೊತೆಗಿಲ್ಲ, ಜೊತೆಗಿರುವುದು ಒಂದು ಕೋತಿ, ಒಂದು ಕುದುರೆ, ಪೆಟ್ಟಿಗೆ ತುಂಬ ಚಿನ್ನದ ನಾಣ್ಯ. ಕುದುರೆಯನ್ನು ಎರಡೂ ಕೈಯಲ್ಲಿ ಎತ್ತಿ ಜಗಲಿಯಿಂದ ಇಳಿಸುತ್ತಾಳೆ. ಮಲಗುವಾಗ ದಿಂಬಿನ ಮೇಲೆ ಕಾಲಿಡುತ್ತಾಳೆ. ಹಿಡಿದುಕೊಂಡು ಹೋಗಲು ಬಂದ ಪೊಲೀಸರನ್ನೇ ಎತ್ತಿಕೊಂಡು ಹೋಗಿ ಹೊರಗೆ ಬಿಡುತ್ತಾಳೆ. ಹುಲ್ಲಿನ ಮೇಲೆ ಕೂತಿದ್ದ ಮಕ್ಕಳೆಲ್ಲ ಎದ್ದು ನಿಂತು ಬೊಬ್ಬೆ ಹೊಡೆಯುತ್ತಿದ್ದರು. ಆಟ ಮುಗಿದ ಮೇಲೂ ಪಿಪ್ಪಿ ಒಳಗೆ ಹೋಗಲಿಲ್ಲ. ಅಡ್ಡಕ್ಕೆ ಚಾಚಿದ ಎರಡು ಜಡೆ, ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ, ಪಾದಕ್ಕಿಂತ ಎಷ್ಟೋ ಉದ್ದದ ಬೂಟು. ಆ ಬೂಟಿನ ಮುಂದುಗಡೆ ಒಂದು ಮಗು ತನ್ನ ಚಪ್ಪಲಿ ಇಟ್ಟು ಅಳತೆ ನೋಡುತ್ತಿತ್ತು. ಪಿಪ್ಪಿ ಕೆಳಗೆ ಬಗ್ಗಿ, ಆ ಅಳತೆಯನ್ನು ತಾನೂ ಪರೀಕ್ಷಿಸಿ, ತಲೆಯಾಡಿಸಿದಳು. ಆ ನಟಿಯ ಕಣ್ಣಲ್ಲಿ ಒಂದು ಕ್ಷಣವೂ ‘ನಾನು ನಟಿ’ ಅನ್ನುವುದು ಹಾಯಲಿಲ್ಲ. ನಾನು ಹುಡುಕಿ ಹುಡುಕಿ ನೋಡಿದೆ!

ಪಿಪ್ಪಿ ಹುಟ್ಟಿದ ಕಥೆಯಂತೂ ಇನ್ನೂ ಸೊಗಸು. 1941ರಲ್ಲಿ ಆಸ್ಟ್ರಿಡ್‌ರ ಮಗಳು ಕಾರಿನ್‌ಗೆ ನ್ಯುಮೋನಿಯಾ. ಹಾಸಿಗೆಯಲ್ಲಿ ಮಲಗಿ ಬೇಸತ್ತ ಮಗು ಆಗಷ್ಟೇ ಹೊಳೆದ ಹೆಸರೊಂದನ್ನು ಹೇಳಿ, ಆ ಹುಡುಗಿಯ ಕಥೆ ಹೇಳು ಅಂದಿತು. ಹೆಸರೇ ಹಾಗೆ ವಿಚಿತ್ರ, ಹುಡುಗಿಯೂ ವಿಚಿತ್ರವಾದಳು. ಮೂರು ವರ್ಷ ಬರೀ ಬಾಯಿಮಾತಿನ ಕಥೆ. 1944ರ ಮಾರ್ಚಿನಲ್ಲಿ ಹಿಮಗಟ್ಟಿದ ರಸ್ತೆಯಲ್ಲಿ ಜಾರಿ ಕಾಲು ಉಳುಕಿ ಮಂಚ ಹಿಡಿದಾಗ ಈ ತಾಯಿ ಅವನ್ನೆಲ್ಲ ಶೀಘ್ರಲಿಪಿಯಲ್ಲಿ ಗೀಚಿದರು. ಹೌದು, ಆಕೆ ಸ್ಟೆನೋಗ್ರಾಫರ್. ಮುಂದೆಯೂ ಕರಡುಗಳನ್ನು ಬರೆದದ್ದು ಆ ಕೊಂಕು ಗೆರೆಗಳಲ್ಲೇ. ಮೇ ತಿಂಗಳಲ್ಲಿ ಕಾರಿನ್‌ಳ ಹತ್ತನೆಯ ಹುಟ್ಟುಹಬ್ಬಕ್ಕೆ ಹಸ್ತಪ್ರತಿ ಉಡುಗೊರೆ. ಇನ್ನೊಂದು ಪ್ರತಿಯನ್ನು ದೊಡ್ಡ ಪ್ರಕಾಶನ ಸಂಸ್ಥೆ ಬೊನ್ನಿಯರ್ಸ್‌ಗೆ ಕಳಿಸಿದರೆ, ಬೇಡ ಅಂತ ವಾಪಸ್! ತಿದ್ದಿ ಬರೆದದ್ದನ್ನು 1945ರಲ್ಲಿ ರಾಬೆನ್ ಅಂಡ್ ಶೋಗ್ರೆನ್ ಪ್ರಕಟಿಸಿತು. ಉಳಿದದ್ದು ಚರಿತ್ರೆ. ಜಪಾನಿನ ಹಯಾವೊ ಮಿಯಾಝಾಕಿ 1971ರಲ್ಲಿ ಪಿಪ್ಪಿಯ ಅನಿಮೇಷನ್ ಮಾಡಬೇಕೆಂದು ಸ್ವೀಡನ್ನಿಗೇ ಬಂದಿದ್ದರು, ಒಪ್ಪಿಗೆ ಸಿಗದೆ ಬರಿಗೈಲಿ ಮರಳಿದರು ಅಂತ ಗೊತ್ತಾದಾಗ ನನಗೆ ಆ ಚಿತ್ರ ನೆನೆದು ನೆನೆದು ಹೊಟ್ಟೆ ಉರಿಯಿತು. ನೋಡಲಾಗದೆ ಹೋದ ಸಿನಿಮಾಗಳಿಗಾಗಿ ಯಾರಾದರೂ ಹೊಟ್ಟೆ ಉರಿಸಿಕೊಳ್ಳುತ್ತಾರೋ ಇಲ್ಲವೋ, ನಾನಂತೂ ಉರಿಸಿಕೊಂಡೆ.

ಬುಲ್ಲರ್ಬಿನ್ ಎಂಬ ಮೂರು ಮನೆಯ ಹಳ್ಳಿಯಲ್ಲಿ ಹುಲ್ಲಟ್ಟದಿಂದ ಒಣಹುಲ್ಲಿನ ರಾಶಿಗೆ ಹಾರುವುದೇ ಕೆಲಸ. ಹಾರಿದರು, ಹತ್ತಿದರು, ಮತ್ತೆ ಹಾರಿದರು. ಕೂದಲಲ್ಲೆಲ್ಲ ಹುಲ್ಲು. ಅದರ ಬಗ್ಗೆ ಹೆಚ್ಚು ಹೇಳುವುದೇನಿದೆ, ಹಳ್ಳಿಯಲ್ಲಿ ಹುಟ್ಟಿದ ಯಾರಿಗೂ ಗೊತ್ತಿರುವ ಸುಖ. ಊಟಕ್ಕೆ ಮಾಂಸದುಂಡೆ ತಿನ್ನದ ನಮಗೆ ಪ್ಯಾನ್‌ಕೇಕು, ಜಾಮು. ಜೊತೆಗೆ ದಾಲ್ಚಿನ್ನಿ ಬನ್ನು, ಕಾಫಿ. ಅಷ್ಟು ಹೊತ್ತಿಗೆ ಮಳೆ ಹನಿಯಿತು. ಯಾರೂ ಕದಲಲಿಲ್ಲ. ಸ್ವೀಡನ್ನಿನ ಮಕ್ಕಳು ರೇನ್‌ಕೋಟು ಏರಿಸಿಕೊಂಡು ಆಟ ಮುಂದುವರಿಸಿದರು, ನಾವು ಮೂವರು ಮರದಡಿ ಓಡಿದೆವು.

ಈಗ ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ಮಕ್ಕಳ ಪಾರ್ಕು ಅಂದರೆ ಎಲ್ಲವೂ ಸಿಹಿ, ಎಲ್ಲವೂ ನಗು ಅಂದುಕೊಂಡೇ ನಾನೂ ಹೋಗಿದ್ದು. ಮತ್ತಿಸನ ಕೋಟೆಯ ಮುಂದೆ ಕೂತ ಮೇಲೆ ಆ ಲೆಕ್ಕವೆಲ್ಲ ತಲೆಕೆಳಗಾಯಿತು. ಕಾಡಿನ ಅಂಚಿನಲ್ಲಿ ಬೂದು ಕಲ್ಲಿನ ಕೋಟೆ. ದರೋಡೆಕೋರರ ನಾಯಕ ಮತ್ತಿಸನಿಗೆ ಮಗಳು ರೊನ್ಯಾ ಹುಟ್ಟಿದ ರಾತ್ರಿ ಸಿಡಿಲು ಹೊಡೆದು ಕೋಟೆ ಎರಡು ಹೋಳಾಗಿದೆ. ಆಚೆ ಹೋಳಿನಲ್ಲಿ ಹಗೆಯವನಾದ ಬೊರ್ಕಾ ಬಂದು ಠಿಕಾಣಿ ಹೂಡುತ್ತಾನೆ, ಅವನಿಗೊಬ್ಬ ಮಗ ಬಿರ್ಕ್. ನಡುವೆ ಪಾತಾಳ. ಇಬ್ಬರು ಮಕ್ಕಳು ಎರಡು ಅಂಚಿನಲ್ಲಿ. ಅಪ್ಪಂದಿರು ಹಲ್ಲು ಕಡಿಯುತ್ತಿರುವಾಗ ಮಕ್ಕಳು ಅಣ್ಣ ತಂಗಿಯರಾಗಿ ಕಾಡು ಸೇರುತ್ತಾರೆ.

ನಮ್ಮ ಯಕ್ಷಗಾನದ ರಾಕ್ಷಸವೇಷ ರಂಗಕ್ಕೆ ಬಂದಾಗ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗು ಹಿಡಿಯುವಂತೆ, ಮತ್ತಿಸ್ ಗುಡುಗುತ್ತಾ ಬಂದಾಗ ಇಡೀ ಮುಂದಿನ ಸಾಲು ಹಿಂದಕ್ಕೆ ಸರಿಯಿತು. ಚರ್ಮದ ಅಂಗಿ, ಕೆದರಿದ ಕೂದಲು, ಕೋಟೆಯೇ ನಡುಗುವ ಕಂಠ. ಎಲ್ಲ ಅದ್ದೂರಿಯೂ ಇತ್ತು, ಜಗಳ, ಹಾಡು, ಬೈಗುಳ. ಆದರೆ ಆ ಬೆಟ್ಟದಂಥ ಮನುಷ್ಯ ಮಗಳು ತನ್ನನ್ನು ಬಿಟ್ಟು ಹೋದಳೆಂದು ಎಲ್ಲರ ಮುಂದೆ, ಮುಖ ಮುಚ್ಚಿಕೊಳ್ಳದೆ, ಹೋ ಎಂದು ಅತ್ತ ನೋಡಿ! ಪಕ್ಕದಲ್ಲಿ ಕೂತಿದ್ದ ಅಪ್ಪಂದಿರ ಮುಖ ನೋಡಬೇಕಿತ್ತು. ಒಬ್ಬರು ಮೂಗು ಒರೆಸಿಕೊಂಡರು, ಇನ್ನೊಬ್ಬರು ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು. ನನ್ನ ಮಗಳು ಮೆಲ್ಲಗೆ, “ಅಮ್ಮಾ, ಅವಳು ವಾಪಸ್ ಬರ್ತಾಳೆ ಅಲ್ವಾ?” ಅಂದಳು. ಮಾತೆಲ್ಲ ಸ್ವೀಡಿಷ್, ಅವಳಿಗೆ ತಿಳಿಯದ ಪದವೊಂದೂ ಇರಲಿಲ್ಲ ಅನ್ನುವ ಹಾಗೆ ಕೂತಿದ್ದಳು. ಆಸ್ಟ್ರಿಡ್ ರೊನ್ಯಾಳ ಈ ಕಾದಂಬರಿ ಬರೆದು ಮುಗಿಸಿದಾಗ ಎಪ್ಪತ್ತು ದಾಟಿತ್ತು. ಪ್ರಕಟವಾದದ್ದು 1981, ಇಲ್ಲಿ ಮೊದಲ ಪುಟ್ಟ ಮನೆ ಎದ್ದ ವರ್ಷವೇ!

ಅಲ್ಲಿಂದ ನಾಂಗಿಯಾಲಾ. 1973ರ ‘ಲಯನ್‌ಹಾರ್ಟ್ ಸೋದರರು’ ಕಥೆಯ ನಾಡು. ಸಾಯುವ ಕಾಯಿಲೆಯ ತಮ್ಮ, ಅವನನ್ನು ಬೆನ್ನಿಗೆ ಕಟ್ಟಿಕೊಂಡು ಉರಿಯುವ ಮನೆಯಿಂದ ಜಿಗಿದು ತಾನೇ ಮೊದಲು ಸಾಯುವ ಅಣ್ಣ. ಸತ್ತ ಮೇಲೆ ಇಬ್ಬರೂ ಸೇರುವ ಲೋಕ ಇದು. ಚೆರ್ರಿ ಹೂವಿನ ಕಣಿವೆಯೂ ಇದೆ, ತೆಂಗಿಲ್ ಎಂಬ ಕ್ರೂರ ದೊರೆಯ ಕಪ್ಪು ಪಡೆಯೂ ಇದೆ, ಕಾತ್ಲಾ ಎಂಬ ಘೋರ ಹೆಣ್ಣು ಡ್ರ್ಯಾಗನ್ನೂ ಇದೆ. ಮಕ್ಕಳ ಪುಸ್ತಕದಲ್ಲಿ ಸಾವೇ ಅಂತ ಪುಸ್ತಕ ಬಂದಾಗ ದೊಡ್ಡವರು ಗೊಣಗಿದ್ದರು. ಮಕ್ಕಳು ಗೊಣಗಲಿಲ್ಲ. ಅದನ್ನೇ ಇಲ್ಲಿ ಕಣ್ಣಾರೆ ಕಂಡೆ. ಕರಿಯ ಶಿರಸ್ತ್ರಾಣದ ಸೈನಿಕರು ನಮ್ಮ ನಡುವೆಯೇ ಹಾದುಹೋಗುವಾಗ ಮಕ್ಕಳು ಉಸಿರು ಹಿಡಿದು ನಿಂತರು, ಅತ್ತವರು ಇರಬಹುದು, ಎದ್ದು ಹೋದವರಿಲ್ಲ. ಹೆದರಿಕೆಯನ್ನು ಸೋಸಿ ತೆಗೆದು ಬರೀ ಸಕ್ಕರೆ ಕೊಡುವ ಪಾರ್ಕುಗಳು ಜಗತ್ತಿನ ತುಂಬ ಇವೆ. ನೂರು ಅಡಿ ಮೇಲಿಂದ ಕೆಳಗೆ ಬೀಳಿಸುವ ಯಂತ್ರವೂ ಹೆದರಿಸುತ್ತದೆ, ಆದರೆ ಅದು ಹೊಟ್ಟೆಯ ಹೆದರಿಕೆ, ಇಳಿದೊಡನೆ ಮುಗಿಯಿತು. ಅಣ್ಣನಿಲ್ಲದೆ ಹೇಗಿರಲಿ ಅನ್ನುವ ಹೆದರಿಕೆಯನ್ನು ಬಟಾಬಯಲಲ್ಲಿ, ಮಳೆ ಹನಿಯುವಾಗ, ಐದು ವರ್ಷದವರ ಮುಂದೆ ಆಡಿ ತೋರಿಸುವ ಧೈರ್ಯ ನಾನು ಬೇರೆಲ್ಲೂ ನೋಡಿಲ್ಲ.

ಆ ಧೈರ್ಯದ ಬೇರು ಊರೊಳಗೇ ಇದೆ. ಸಂಜೆ, ಸಂಜೆಯೆಂದರೆ ಜುಲೈಯಲ್ಲಿ ರಾತ್ರಿ ಒಂಬತ್ತಾದರೂ ಬಿಸಿಲಿರುವ ಸಂಜೆ, ನಿಜವಾದ ವಿಮ್ಮರ್ಬಿಯ ಪೇಟೆಗೆ ನಡೆದೆವು. ಬೆಳಗ್ಗೆ ಭುಜದೆತ್ತರಕ್ಕೆ ಕಂಡ ಊರು ಈಗ ನಮ್ಮ ತಲೆಯ ಮೇಲೆ! ಇಲ್ಲಿನ ‘ವಿಮ್ಮರ್ಬಿ ಟಿಡ್ನಿಂಗ್’ ಪತ್ರಿಕೆಯಲ್ಲಿ ಹದಿಹರೆಯದ ಆಸ್ಟ್ರಿಡ್ ಕೆಲಸಕ್ಕೆ ಸೇರಿದ್ದರು. ಹದಿನೆಂಟಕ್ಕೆ ಬಸುರಿ, ಮಗುವಿನ ತಂದೆ ಅದೇ ಪತ್ರಿಕೆಯ ಸಂಪಾದಕ, ಮೊದಲೇ ಮದುವೆಯಾಗಿದ್ದವನು. 1926ರಲ್ಲಿ ಸಣ್ಣ ಊರಿನ ಬಾಯಿಗೆ ಅದಕ್ಕಿಂತ ದೊಡ್ಡ ತುತ್ತು ಬೇಕೆ? ಆಕೆ ಊರು ಬಿಟ್ಟರು. ಡಿಸೆಂಬರಿನಲ್ಲಿ ಕೋಪನ್‌ಹೇಗನ್‌ನಲ್ಲಿ ಮಗ ಲಾರ್ಸ್ ಹುಟ್ಟಿದ. ಅವನನ್ನು ಅಲ್ಲೇ ಸಾಕುತಾಯಿಯ ಬಳಿ ಬಿಟ್ಟು ಸ್ಟಾಕ್‌ಹೋಮ್‌ನಲ್ಲಿ ಗುಮಾಸ್ತೆಯ ಕೆಲಸ. ಕೈಯಲ್ಲಿ ಕಾಸಾದಾಗ ರೈಲು ಹತ್ತಿ ಮಗನನ್ನು ನೋಡಿಬರುವುದು. ಮೂರು ವರ್ಷ ಹೀಗೆ. ಅಪ್ಪ ಅಮ್ಮನಿಲ್ಲದೆ ಒಂಟಿಯಾಗಿ, ಗಟ್ಟಿಯಾಗಿ ಬದುಕುವ ಮಕ್ಕಳು ಆಕೆಯ ಕಥೆಗಳ ತುಂಬ ಏಕಿದ್ದಾರೆ ಅನ್ನುವುದಕ್ಕೆ ನಾನು ಬೇರೆ ಕಾರಣ ಹುಡುಕುವುದಿಲ್ಲ. ಅಂದು ಅವಳನ್ನು ಗುಸುಗುಸು ಮಾತಿನಿಂದ ಅಟ್ಟಿದ ಊರು ಇಂದು ನಿಂತಿರುವುದು ಅವಳ ಹೆಸರಿನ ಮೇಲೆ!

ಊರಂಚಿನಲ್ಲೇ ನೇಸ್, ಆಕೆ 1907ರ ನವೆಂಬರ್ 14ರಂದು ಹುಟ್ಟಿದ ಕೆಂಪು ಮನೆ. (ತಾರೀಕು ನೋಡಿ ಮಗಳು ಕುಣಿದಳು, ನಮ್ಮ ಮಕ್ಕಳ ದಿನಾಚರಣೆ!) ಇಲ್ಲಿಯೇ ಅಣ್ಣ ಗುನ್ನಾರ್, ತಂಗಿಯರು ಸ್ಟೀನಾ, ಇಂಗೆಗೆರ್ಡ್ ಜೊತೆ ನೆಲ ಮುಟ್ಟದೆ ಕೋಣೆ ಸುತ್ತುವ ಆಟ. ಎಮಿಲ್‌ನ ಎಷ್ಟೋ ತುಂಟಾಟಗಳು ಅಪ್ಪ ಸಾಮುವೆಲ್ ಆಗಸ್ಟ್ ಹೇಳುತ್ತಿದ್ದ ತನ್ನ ಬಾಲ್ಯದ ನೆನಪುಗಳಿಂದ ಬಂದವು. ಹಿತ್ತಲ ಕಡೆ ಒಂದು ಮುದಿ ಎಲ್ಮ್ ಮರ, ಒಳಗೆ ಪೊಳ್ಳು. ಪಿಪ್ಪಿಯ ಕಥೆಯಲ್ಲಿ ಸೋಡಾ ಶರಬತ್ತು ಬಿಡುವ ಮರ ಇದೇ! ಇದೇ! ಮಗಳು ಸುತ್ತಲೂ ಓಡಿ ಹುಡುಕಿದಳು. ಈ ಋತುವಿನಲ್ಲಿ ಬಿಟ್ಟಿಲ್ಲ ಅಂತ ತಂಗಿ ಸಮಾಧಾನ ಹೇಳಿದಳು.

ಹೋಗುವವರಿಗೆ ಒಂದೆರಡು ಮಾತು. ನಾಟಕಗಳು ಮೇ ತಿಂಗಳಿಂದ ಆಗಸ್ಟ್ ಮುಗಿಯುವವರೆಗೆ, ಆಮೇಲೆ ಶರತ್ಕಾಲದಲ್ಲಿ ಕೆಲವು ದಿನ ಮಾತ್ರ. ಕೋಟೆಯ ಆಟಕ್ಕೆ ಮುಂಚಿತವಾಗಿ ಹೋಗಿ ಜಾಗ ಹಿಡಿಯಿರಿ. ಬಿಸಿಲಿದ್ದರೂ ರೇನ್‌ಕೋಟು ಇರಲಿ. ಪಿಪ್ಪಿ, ರೊನ್ಯಾ, ಎಮಿಲ್ ಮೂವರನ್ನಾದರೂ ಓದಿಕೊಂಡು ಹೋಗಿ, ಭಾಷೆ ಬಾರದೆ ಇದ್ದರೂ ಯಾವುದೂ ತಪ್ಪುವುದಿಲ್ಲ.

ವಾಪಸ್ ರೈಲಿನಲ್ಲಿ ಮಗಳು ಪಾತ್ರ ಹಂಚಲು ಶುರು ಮಾಡಿದಳು. ಪಿಪ್ಪಿ ಅವಳೇ, ಅದರಲ್ಲಿ ಚರ್ಚೆಯಿಲ್ಲ. ನನಗೆ ಕಳ್ಳನ ಪಾತ್ರ. “ಚಿಕ್ಕಮ್ಮ, ನೀನು ಕುದುರೆ.”

“ನಾನ್ಯಾಕೆ ಕುದುರೆ? ಅಮ್ಮನ್ನೇ ಮಾಡು.”

“ಅಮ್ಮ ಸಣ್ಣ ಇದಾರೆ ಚಿಕ್ಕಮ್ಮ. ಪಿಪ್ಪಿಗೆ ಶಕ್ತಿ ಇದೆ ಅಂತ ಜನಕ್ಕೆ ಗೊತ್ತಾಗೋದು ಬೇಡ್ವಾ?”